ಬ್ಯಾನಿಗೆ ಭಂಗಿ: ಹಿಂದಿನ ಕತಿ, ಈಗಿನ ಕಾಯ್ದೆ
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ರೈತ ಬಾಂಧವರೇ, ಟೊಂಕ, ಮೊಣಕಾಲ ಬ್ಯಾನಿಗೆ ಗಾಂಜಾ ಔಷಧ ಅನ್ನೋ ಮಾತು ಹೊಸದಲ್ಲ.

1839ರಲ್ಲೇ ಕಲ್ಕತ್ತಾದ ಡಾಕ್ಟರ್ ಓಶಾಗ್ನೆಸ್ಸಿ ಸಂಧಿವಾತದವರಿಗೆ ಕೊಟ್ಟು ನೋಡಿ ಬರೆದಿದ್ದರು. 1894ರಲ್ಲಿ ಬ್ರಿಟಿಷರ ಆಯೋಗ, ಹಿತಮಿತವಾಗಿ ಬಳಸಿದರ ದೊಡ್ಡ ಹಾನಿ ಇಲ್ಲ, ಪೂರ್ತಿ ನಿಷೇಧ ಬ್ಯಾಡ ಅಂತು.

1985ರ ಎನ್‌ಡಿಪಿಎಸ್ ಕಾಯ್ದೆ ಹೂವಿನ ತೆನಿಗೆ ಗಾಂಜಾ ಅಂತು. ತೆನಿ ಇಲ್ಲದ ಎಲಿ, ಬೀಜ ಅದರಾಗ ಬರೂದಿಲ್ಲ. ಹಂಗಾಗಿ ಆಯುರ್ವೇದದಾಗ ‘ವಿಜಯಾ’ ಅನ್ನೋ ಈ ಎಲಿಯ ಔಷಧ ಲೈಸನ್ಸ್ ಇದ್ದೋರು ಮಾಡತಾರ; ವೈದ್ಯರ ಚೀಟಿ ಮ್ಯಾಲೆ ಸಿಗತೈತಿ.

ಆದ್ರ ಗಿಡ ಬೆಳೆಯೋದು ಬ್ಯಾರೆ ಮಾತು. ಲೈಸನ್ಸ್ ಇಲ್ಲದ ತೊಗರಿ ಸಾಲಿನಾಗ ಬೆಳೆಸಿದರ 10 ವರ್ಷದ ತನಕ ಕಠಿಣ ಸಜಾ, 1 ಲಕ್ಷದ ತನಕ ದಂಡ. ಬ್ಯಾನಿ ಇದ್ದೋರು ಆಯುರ್ವೇದ ದವಾಖಾನಿಯಾಗ ಕೇಳರಿ, ಹೊಲದಾಗ ಬೀಜ ಹಾಕಬ್ಯಾಡ್ರಿ.