ಮೊಟ್ಟೆ ಕಳ್ಳರ ಸಾಕ್ಷಿ

ನಾನು ಚಿಕ್ಕವನಿದ್ದಾಗ ನಮ್ಮೂರಿಗೆ 'ಮಲೇರಿಯಾದವರು' ಬರುತ್ತಿದ್ದರು. ಪಾತ್ರೆ ಪಗಡೆ ಹೊರಗಿಟ್ಟು ಗೋಡೆಗೆಲ್ಲ ಡಿಡಿಟಿ ಹೊಡೆಸಿಕೊಳ್ಳಬೇಕು. ಹೋಗುವಾಗ ಅವರು ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರು. ಜ್ವರ ಕಡಿಮೆಯಾಗಿತ್ತಲ್ಲ, ಯಾರಿಗೂ ಅನುಮಾನವಿರಲಿಲ್ಲ. ಅದು ಕೀಟಗಳನ್ನು ಕೊಲ್ಲುತ್ತದೆಂದು ಕಂಡುಹಿಡಿದ ಪೌಲ್ ಮ್ಯುಲ್ಲರ್‌ಗೆ 1948ರಲ್ಲಿ ನೊಬೆಲ್ಲೇ ಬಂದಿತ್ತು.

ಅದೇ ಡಿಡಿಟಿ ಹೊಲಕ್ಕಿಳಿದಾಗ ಹಕ್ಕಿಗಳಿಗೇನಾಯಿತು ಎಂಬ ಲೆಕ್ಕ ಸಿಕ್ಕಿದ್ದು ಬ್ರಿಟನ್ನಿನಲ್ಲಿ, ಅದೂ ಒಂದು ಸುಳ್ಳು ದೂರಿನಿಂದ. ಪೆರೆಗ್ರಿನ್ ಚಾಣಗಳು ಹೆಚ್ಚಾಗಿ ನಮ್ಮ ಪಂದ್ಯದ ಪಾರಿವಾಳಗಳನ್ನು ತಿನ್ನುತ್ತಿವೆ ಎಂದು ಪಾರಿವಾಳ ಸಾಕುವವರು ಗೋಳಿಟ್ಟರು. 1961ರಲ್ಲಿ ಡೆರೆಕ್ ರಾಟ್‌ಕ್ಲಿಫ್ ಎಂಬ ವಿಜ್ಞಾನಿಯ ಮುಂದಾಳತ್ವದಲ್ಲಿ ಎಣಿಕೆ ಶುರುವಾಯಿತು. ನೋಡಿದರೆ ಎಲ್ಲ ಉಲ್ಟಾ! 1963ರ ಹೊತ್ತಿಗೆ ಯುದ್ಧಕ್ಕೆ ಮೊದಲಿದ್ದ ಚಾಣಗಳಲ್ಲಿ ಅರ್ಧವೂ ಉಳಿದಿರಲಿಲ್ಲ.

ಒಂದು ಕಾರಣ ಬೇಗ ತಿಳಿಯಿತು. ಬಿತ್ತನೆ ಬೀಜಕ್ಕೆ ಸವರುತ್ತಿದ್ದ ಆಲ್ಡ್ರಿನ್, ಡೀಲ್ಡ್ರಿನ್ ವಿಷಗಳು ಕಾಳಿನಿಂದ ಪಾರಿವಾಳಕ್ಕೆ, ಪಾರಿವಾಳದಿಂದ ಚಾಣಕ್ಕೆ ದಾಟುತ್ತಿದ್ದವು. ಆದರೆ ಅವು ಹೊಲಕ್ಕೆ ಬರುವ ಮೊದಲೇ, 1950ರ ದಶಕದ ಆರಂಭದಿಂದಲೇ, ಗೂಡುಗಳಲ್ಲಿ ಒಡೆದ ಮೊಟ್ಟೆಗಳು ಕಾಣುತ್ತಿದ್ದವಲ್ಲ?

ಸತ್ತ ಹಕ್ಕಿಯನ್ನು ಎಣಿಸಬಹುದು, ಹುಟ್ಟದೇ ಹೋದದ್ದನ್ನು ಎಣಿಸುವುದು ಹೇಗೆ? ಉತ್ತರವಿದ್ದದ್ದು ಮೊಟ್ಟೆ ಕಳ್ಳರ ಕಪಾಟಿನಲ್ಲಿ. ಗೂಡಿನಿಂದ ಮೊಟ್ಟೆ ಎತ್ತಿ, ತೂತು ಕೊರೆದು ಖಾಲಿ ಮಾಡಿ, ತಾರೀಖು ಬರೆದು ಜೋಡಿಸಿಡುವುದು ಅಲ್ಲಿನ ಹಳೆಯ ಹುಚ್ಚು. 1954ರ ಕಾನೂನು ಅದನ್ನು ಅಪರಾಧ ಮಾಡಿತ್ತು. ರಾಟ್‌ಕ್ಲಿಫ್ ಇಂಥ ಸಂಗ್ರಹಗಳ ಚಿಪ್ಪುಗಳನ್ನು ತೂಗಿದರು, ಅಳೆದರು. ದಶಕಗಳ ಕಾಲ ಒಂದೇ ಸಮ ಇದ್ದ ಚಿಪ್ಪಿನ ತೂಕ, 1947ರಿಂದೀಚಿನ ಮೊಟ್ಟೆಗಳಲ್ಲಿ ಸುಮಾರು ಐದನೇ ಒಂದು ಪಾಲು ಇಳಿದಿತ್ತು. ಡಿಡಿಟಿ ಬಳಕೆ ಹರಡಿದ್ದೂ ಆಗಲೇ. 1967ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಬಂತು. ಡಿಡಿಟಿಯಿಂದ ಹುಟ್ಟುವ ಡಿಡಿಇ ಚಿಪ್ಪಿಗೆ ಕ್ಯಾಲ್ಸಿಯಂ ಸೇರದಂತೆ ಮಾಡುತ್ತದೆ ಎಂದು ಆಮೇಲೆ ತಿಳಿಯಿತು. ಕಾವಿಗೆ ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು.

ಅಮೆರಿಕ 1972ರಲ್ಲಿ ಬೆಳೆಗೆ ಡಿಡಿಟಿ ಹೊಡೆಯುವುದನ್ನು ನಿಲ್ಲಿಸಿತು, ನಮ್ಮ ದೇಶ 1989ರಲ್ಲಿ. ಬ್ರಿಟನ್ನಿನ ಚಾಣಗಳು ಮತ್ತೆ ಚೇತರಿಸಿಕೊಂಡವು.

ಡಿಡಿಟಿಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಅದು ನಮ್ಮ ಕೇರಿಯ ಜ್ವರ ಬಿಡಿಸಿದೆ. ಕಾಡುವುದು ಬೇರೆಯೇ. ಹಳೆಯ ಮೊಟ್ಟೆ ಇಲ್ಲದಿದ್ದರೆ ಹೊಸದು ತೆಳುವಾಗಿದೆ ಎಂದು ಗೊತ್ತೇ ಆಗುತ್ತಿರಲಿಲ್ಲ. ವಿಷದ ಅಪಾಯ ಅಳೆಯಲು ವಿಷಕ್ಕೆ ಮುಂಚಿನ ಲೆಕ್ಕ ಬೇಕು. ನಮ್ಮನೆ ಗೋಡೆಯ ಮೇಲೆ ಡಿಡಿಟಿ ಹೊಡೆದ ತಾರೀಖಿತ್ತು, ಹಕ್ಕಿಗಳ ಲೆಕ್ಕ ಎಲ್ಲೂ ಇರಲಿಲ್ಲ.

ಊರಿಗೆ ಹೋದಾಗಲೆಲ್ಲ "ಆಗ ಎಷ್ಟೊಂದು ಗಿಡುಗ ಇದ್ವು ಮಾರಾಯ" ಅನ್ನುತ್ತೇನೆ. "ಎಷ್ಟಿದ್ವು?" ಅಂತಾನೆ ತಮ್ಮ. ನಾನು ಮಾತು ಬದಲಿಸುತ್ತೇನೆ.