ಸ್ವಾಮ್ಯ: ತಾಮ್ರಪಟದಿಂದ ಪೇಟೆಂಟಿನವರೆಗೆ

ಪೇಟೆಂಟ್ ಎಂಬುದಕ್ಕೆ ನಮ್ಮ ಪತ್ರಿಕೆಗಳು ‘ಹಕ್ಕುಸ್ವಾಮ್ಯ’ ಎಂದು ಬರೆಯುತ್ತ ಬಂದಿವೆ. ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ದಾರಿಯಲ್ಲಿ ಬಂದ ‘ಹಕ್ಕು’, ಸಂಸ್ಕೃತದ ‘ಸ್ವಾಮ್ಯ’, ಎರಡೂ ಹೆಚ್ಚುಕಡಿಮೆ ಒಂದೇ ಮಾತನ್ನು ಹೇಳುವ ಈ ಜೋಡುನುಡಿಯಲ್ಲಿ ಪದಪ್ರಿಯರಾದ ನಾವು ಹಿಂಬಾಲಿಸಬೇಕಾದದ್ದು ಎರಡನೆಯದನ್ನು.

‘ಸ್ವ’ ಎಂದರೆ ತನ್ನದು. ಅದರಿಂದ ಸ್ವತ್ವ, ಸ್ವತ್ವದ ತದ್ಭವವಾಗಿ ನಮ್ಮ ಸ್ವತ್ತು. ‘ಸ್ವ’ ಉಳ್ಳವನು ಸ್ವಾಮಿ, ಅವನ ಒಡೆತನ ಸ್ವಾಮ್ಯ. ಸ್ವಾಮಿ ಗುಡಿಗೆ ಹೋದ, ಮಠಕ್ಕೆ ಹೋದ, ಕೊನೆಗೆ ‘ಏನ್ ಸ್ವಾಮಿ, ಚೆನ್ನಾಗಿದೀರಾ’ ಎಂದು ಬೀದಿಗೂ ಇಳಿದ. ಸ್ವಾಮ್ಯ ಮಾತ್ರ ಆಸ್ತಿಯನ್ನು ಬಿಟ್ಟು ಕದಲಲಿಲ್ಲ. ವಿಜಯನಗರದ ದಾನಶಾಸನಗಳನ್ನು ಓದಿದವರಿಗೆ ‘ಅಷ್ಟಭೋಗತೇಜಸ್ವಾಮ್ಯ’ ಎಂಬ ಗಂಭೀರ ಸಮಾಸ ಪರಿಚಿತ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷಿಣಿ, ಆಗಾಮಿ, ಸಿದ್ಧ, ಸಾಧ್ಯ, ಹೀಗೆ ನೆಲದೊಳಗೆ ಹೂತದ್ದನ್ನೂ ಮುಂದೆಂದೋ ಬರಬಹುದಾದದ್ದನ್ನೂ ಎಣಿಸಿ ಎಣಿಸಿ, ಆಚಂದ್ರಾರ್ಕವಾಗಿ ಕೊಟ್ಟ ಒಡೆತನ ಅದು. ಇಂದಿನ ಏಕಸ್ವಾಮ್ಯ, ಕೃತಿಸ್ವಾಮ್ಯ, ಸರ್ಕಾರಿ ಸ್ವಾಮ್ಯಗಳೆಲ್ಲ ಇದೇ ಬಳ್ಳಿಯ ಕುಡಿಗಳು. ಪೇಟೆಂಟಿಗೆ ಸೂರ್ಯಚಂದ್ರರ ಆಯುಸ್ಸಿಲ್ಲ, ಇಪ್ಪತ್ತು ವರ್ಷವಷ್ಟೆ.

ಇನ್ನು ಪೇಟೆಂಟಿನ ಮೂಲ ಲ್ಯಾಟಿನ್ನಿನಲ್ಲಿ. ಅಲ್ಲಿ ಅದಕ್ಕೆ ‘ತೆರೆದಿರುವುದು’ ಎಂದಷ್ಟೇ ಅರ್ಥ. ಮುದ್ರೆ ಒಡೆಯದೆ ಯಾರು ಬೇಕಾದರೂ ಓದಬಹುದಾದ ಅರಸನ ಓಲೆ ಅದು, ನಮ್ಮ ‘ಸನ್ನದಿ’ಗೆ ತೀರ ಹತ್ತಿರದ್ದು. 1449ರಲ್ಲಿ ಇಂಗ್ಲೆಂಡಿನ ಆರನೆಯ ಹೆನ್ರಿ ಇಂಥದೊಂದು ಓಲೆಯನ್ನು ಬಣ್ಣದ ಗಾಜು ಮಾಡಬಲ್ಲ ಯೂಟಿನಮ್‌ನ ಜಾನ್ ಎಂಬ ಹೊರನಾಡಿನ ಕುಶಲಿಗೆ ಇಪ್ಪತ್ತು ವರ್ಷದ ಅವಧಿಗೆ ಕೊಟ್ಟ. ಪರದೇಶಿಗೆ ಸನ್ನದು ಕೊಡುವುದು ಆಗ ವಿದ್ಯೆಯನ್ನು ನಾಡಿಗೆ ಬರಮಾಡಿಕೊಳ್ಳುವ ಬಗೆ. ಕನ್ನಡದಲ್ಲಿ ‘ತೆರೆದದ್ದು’ ಕಳೆದುಹೋಗಿ ‘ಒಡೆತನ’ ಮಾತ್ರ ಉಳಿಯಿತು. ಈ ನಷ್ಟ ಸಣ್ಣದಲ್ಲ ಎಂಬುದು ನನ್ನ ಎಣಿಕೆ, ಏಕೆಂದರೆ ಗುಟ್ಟನ್ನು ಬಿಚ್ಚಿ ಬರೆದುಕೊಡುವವನಿಗಷ್ಟೇ ಇಂದಿಗೂ ಪೇಟೆಂಟ್ ಸಲ್ಲುತ್ತದೆ.

ಈಗ ಒಂದು ದೇಶ ಎಷ್ಟು ಹೊಸದನ್ನು ಕಂಡುಹಿಡಿಯುತ್ತಿದೆ ಎಂದು ಅಳೆಯುವವರು ಅದಕ್ಕೆ ಹೊರನಾಡುಗಳಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ದೊರೆತ ಪೇಟೆಂಟುಗಳನ್ನು ಎಣಿಸುತ್ತಾರೆ. ಆಯಾ ದೇಶದ ಪೇಟೆಂಟ್ ಕಚೇರಿಗಳ ಬಿಗಿ ಬೇರೆ ಬೇರೆ. ಎಲ್ಲರನ್ನೂ ಒಂದೇ ಒರೆಗಲ್ಲಿಗೆ ಹಚ್ಚಬೇಕೆಂಬ ಈ ವಾದದಲ್ಲಿ ಹುರುಳಿದೆ. ಆದರೆ ಅಮೆರಿಕದ ಕಚೇರಿ ಪೇಟೆಂಟನ್ನು ದೇಶಕ್ಕೆ ಹಂಚುವುದು ಮೊದಲ ಹೆಸರಿನ ಆವಿಷ್ಕರ್ತ ವಾಸವಿರುವ ಊರನ್ನು ನೋಡಿ. ಸ್ವಾಮ್ಯವನ್ನು ನೋಡಿ ಅಲ್ಲ. 1904ರ ಮಾರ್ಚಿನಲ್ಲಿ ಜಗದೀಶಚಂದ್ರ ಬೋಸರಿಗೆ ಸಿಕ್ಕ 755840ನೆಯ ಅಮೆರಿಕನ್ ಪೇಟೆಂಟಿನ ತಲೆಬರಹದಲ್ಲೇ ಈ ಎರಡೂ ಬೇರೆಯಾಗಿ ಕಾಣುತ್ತವೆ: ಕರ್ತೃ ಕಲ್ಕತ್ತದ ಬೋಸರು, ಅರ್ಧ ಸ್ವಾಮ್ಯ ಮೆಸಾಚುಸೆಟ್ಸಿನ ಸಾರಾ ಚಾಪ್‌ಮನ್ ಬುಲ್ ಅವರದು.

ಮೀಮಾಂಸಕರು ಈ ಭೇದವನ್ನು ಎಂದೋ ಮಾಡಿಟ್ಟಿದ್ದಾರೆ. ಯಾಗ ನಡೆಸುವವರು ದಕ್ಷಿಣೆ ಪಡೆದ ಋತ್ವಿಜರು, ಫಲ ಮಾತ್ರ ‘ಸ್ವಾಮಿ’ಯಾದ ಯಜಮಾನನದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ಇಲ್ಲಿನ ಎಂಜಿನಿಯರುಗಳು ವಿದೇಶಿ ಕಂಪನಿಗಳಿಗಾಗಿ ಮಾಡಿದ ಹೊಸ ಕೆಲಸಗಳು ಅಮೆರಿಕದ ಪಟ್ಟಿಯಲ್ಲಿ ಭಾರತದ ಲೆಕ್ಕಕ್ಕೆ ಸೇರುತ್ತವೆ, ಸ್ವಾಮ್ಯ ಕಂಪನಿಯದು. ಕರ್ತೃತ್ವವನ್ನು ಹಗುರವಾಗಿ ಕಾಣಬೇಕೆಂದಲ್ಲ. ಆ ಬುದ್ಧಿ ನಿಜವಾಗಿಯೂ ಇಲ್ಲಿಯದೇ. ಇದರ ತಲೆಕೆಳಗಾದ ಚಿತ್ರವನ್ನು ಪೇಟೆಂಟ್ ಕಾನೂನಿನ ಕುರಿತ 1959ರ ವರದಿಯಲ್ಲಿ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಕೊಟ್ಟಿದ್ದರು: ಭಾರತೀಯ ಪೇಟೆಂಟುಗಳಲ್ಲಿ ಶೇ. 80ರಿಂದ 90 ವಿದೇಶಿಯರ ಸ್ವಾಮ್ಯದಲ್ಲಿದ್ದು, ಅವುಗಳಲ್ಲೂ ಶೇ. 90ಕ್ಕಿಂತ ಹೆಚ್ಚಿನವು ಇಲ್ಲಿ ಬಳಕೆಗೇ ಬಂದಿರಲಿಲ್ಲ.

ಆದ್ದರಿಂದ ‘ಭಾರತಕ್ಕೆ ಇಷ್ಟು ಅಮೆರಿಕನ್ ಪೇಟೆಂಟ್’ ಎಂಬ ಸುದ್ದಿ ಬರೆಯುವ ಗೆಳೆಯರಲ್ಲಿ ಒಂದು ಕೋರಿಕೆ: ‘ಭಾರತದಲ್ಲಿ ಹುಟ್ಟಿದವು’ ಎಷ್ಟು, ‘ಭಾರತದ ಸ್ವಾಮ್ಯದವು’ ಎಷ್ಟು, ಎರಡನ್ನೂ ಬೇರೆ ಬೇರೆಯಾಗಿ ಕೊಡಿ.