ಊರಿಗೂ ಒಂದು ಪಾಲಿಸಿ ಬೇಡವೇ?

ವಿಮೆ ಅಂದ ತಕ್ಷಣ ನಮಗೆ ನೆನಪಾಗೋದು ಮನೆಬಾಗಿಲಿಗೆ ಬರುವ ಏಜೆಂಟರು, ಪೊಲೀಸರು ಕೇಳುವ ಬೈಕಿನ ಕಾಗದ. ಆದರೆ ಒಂದು ಊರಿನ ಆಸ್ತಿಗೆ ವಿಮೆ ಮಾಡಿಸೋದು ಹೇಗೆ? ಈ ಪ್ರಶ್ನೆಯನ್ನು ಮೈಸೂರಿನಲ್ಲೇ ನಿಂತು ಕೇಳಬೇಕು ಅನ್ನೋದು ನನ್ನ ಹಠ.

ಯಾಕಂದ್ರೆ ವಿಮೆಯ ವಿಚಾರದಲ್ಲಿ ಮೈಸೂರು ಹಿಂದೆ ಬಿದ್ದ ಸಂಸ್ಥಾನವಲ್ಲ. 1891ರಲ್ಲೇ, ಹತ್ತನೇ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಸರ್ಕಾರಿ ನೌಕರರಿಗೆ ಜೀವವಿಮೆ ಬಂತು. ಇವತ್ತು ನೌಕರರ ಸಂಬಳದಲ್ಲಿ ಕಟಾವಾಗುವ ಕೆಜಿಐಡಿ ಕಂತಿನ ಬೇರು ಅಲ್ಲಿದೆ. ನೌಕರ ಸತ್ತರೆ ಅವನ ಹೆಂಡತಿ ಮಕ್ಕಳು ಯಾರ ಮುಂದೆಯೂ ಕೈಚಾಚಬಾರದು, ಅಷ್ಟೇ ಲೆಕ್ಕ.

ಅದರ ಮರುವರ್ಷ, 1892ರಲ್ಲಿ, ಲ್ಯಾನ್ಸ್‌ಡೌನ್ ಕಟ್ಟಡ ಎದ್ದಿತು. 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಅರಮನೆ 1912ರಲ್ಲಿ ಮುಗಿಯುವಾಗ ಖರ್ಚು 41 ಲಕ್ಷ ರೂಪಾಯಿ ದಾಟಿತ್ತು. ಅದು ಅರಸರ ಮನೆ, ಎದ್ದು ನಿಂತಿತು. ಲ್ಯಾನ್ಸ್‌ಡೌನ್ ನಗರಪಾಲಿಕೆಯ ಸ್ವತ್ತು. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ಮೇಲೆ, ಅದೇ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲಿನ ಭಾಗವೂ ಕುಸಿಯಿತು.

ಇಂಥ ಹೊತ್ತಲ್ಲಿ ನಾವು ಕಾಯೋದು ಮಂತ್ರಿಗಳ ಪರಿಹಾರ ಘೋಷಣೆಗೆ. ಘೋಷಣೆ ಬೇರೆ ಸ್ವಾಮಿ, ಹಕ್ಕು ಬೇರೆ. 1951ರಲ್ಲಿ ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತಾಗ ಅವರ ಮನೆಯವರು ಕೋರ್ಟಿಗೆ ಹೋದರು. ಗೋಪುರಕ್ಕೆ 80 ವರ್ಷ. ಅದರ ಗಾರೆಯ ಆಯಸ್ಸು 40-45 ವರ್ಷ ಅಂತ ತಜ್ಞರು ಹೇಳಿದರು. ಹಳೇ ಕಟ್ಟಡ ಅಂತ ಗೊತ್ತಿದ್ದ ಮೇಲೆ ತಪಾಸಣೆ ಮಾಡಿಸೋದು ಮಾಲೀಕರಾದ ನಗರಸಭೆಯ ಹೊಣೆ ಎಂದು 1966ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹದಿನೈದು ವರ್ಷ ಕಾದ ಮೇಲೆ!

ಹಾಗಾದರೆ ಪಾಲಿಕೆ ಯಾವ ಪಾಲಿಸಿ ಕೊಳ್ಳಬೇಕು? ಎಲ್ಲರೂ ಮೊದಲು ಕೈಹಾಕೋದು ಬೆಂಕಿ ವಿಮೆಗೆ. ಅದು ದುಡ್ಡು ಕೊಡೋದು ಕಟ್ಟಡದ ಮಾಲೀಕನಿಗೆ, ಕೆಳಗೆ ಸಿಕ್ಕವನಿಗಲ್ಲ. ಹಳತಾಗಿ, ಸವೆದು ಬಿದ್ದರೆ ಅದಕ್ಕೂ ಕೊಡಲ್ಲ. ಇನ್ನೊಂದು ಗುಟ್ಟಿದೆ. 10 ಕೋಟಿಯ ಕಟ್ಟಡವನ್ನು ಪ್ರೀಮಿಯಂ ಉಳಿಸೋಕೆ 5 ಕೋಟಿಗೆ ವಿಮೆ ಮಾಡಿಸಿದಿರಿ ಅಂದುಕೊಳ್ಳಿ. 2 ಕೋಟಿ ನಷ್ಟವಾದರೆ ಕೈಗೆ ಬರೋದು 1 ಕೋಟಿ. ಅರ್ಧ ವಿಮೆಗೆ ಅರ್ಧ ಪರಿಹಾರ. ಉಳಿದ ಅರ್ಧ ನಮ್ಮ ನಿಮ್ಮ ಕಂದಾಯದಿಂದ.

ದಾರಿಹೋಕನಿಗೆ, ಗಿರಾಕಿಗೆ ಆಗುವ ಅನಾಹುತ ನೋಡಿಕೊಳ್ಳೋದು ಸಾರ್ವಜನಿಕ ಹೊಣೆಗಾರಿಕೆ ವಿಮೆ. ನನ್ನನ್ನು ಕೇಳಿದರೆ ಮೊದಲು ಅದು, ಆಮೇಲೆ ಬೆಂಕಿ. ವಾಹನಕ್ಕೆ ಕಾನೂನೇ ಎರಡು ದಾರಿ ಇಟ್ಟಿದೆ. ಕಸದ ಲಾರಿ ಯಾರಿಗಾದರೂ ಗುದ್ದಿದರೆ ಪರಿಹಾರ ಕೊಡೋಕೆ ಥರ್ಡ್ ಪಾರ್ಟಿ ವಿಮೆ ಇರಲೇಬೇಕು. ಇಲ್ಲವೇ, 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ, ಸ್ಥಳೀಯ ಸಂಸ್ಥೆ ತನ್ನದೇ ನಿಧಿ ಕಟ್ಟಿಟ್ಟು ಸರ್ಕಾರದಿಂದ ವಿನಾಯಿತಿ ಪಡೆಯಬಹುದು. ನಿಧಿ ಇಲ್ಲದೆ ವಿನಾಯಿತಿ ಇಲ್ಲ. ವಾಹನಕ್ಕೆ ಇಷ್ಟು ಕಟ್ಟುನಿಟ್ಟು. ನೂರು ವರ್ಷ ದಾಟಿದ ಮಾಳಿಗೆಗೆ ಇಂಥ ಕಡ್ಡಾಯದ ಮಾತೇ ಇಲ್ಲ.

ಮುಂದಿನ ಪಾಲಿಕೆ ಬಜೆಟ್ ದಿನ ನಿಮ್ಮ ವಾರ್ಡಿನ ಸದಸ್ಯರು ಸಿಕ್ಕರೆ ಇಷ್ಟು ಕೇಳಿ: ದೇವರಾಜ ಮಾರುಕಟ್ಟೆಯ ಬೆಲೆ ಎಷ್ಟು ಅಂತ ಲೆಕ್ಕ ಹಾಕಿದ್ದೀರಾ? ಕೊನೆಯ ಸಲ ಎಂಜಿನಿಯರ್ ಅದರ ಗೋಡೆ ಮುಟ್ಟಿ ನೋಡಿದ್ದು ಯಾವಾಗ? ಒಳಗೆ ಬಾಳೆಹಣ್ಣು ಕೊಳ್ಳೋಕೆ ಹೋದವನ ಹೆಸರಿನಲ್ಲಿ ಎಷ್ಟು ರೂಪಾಯಿ ಎತ್ತಿಟ್ಟಿದ್ದೀರಿ?